ಫೆಚ್ ವಾಪಸ್ ಬಂತು, ಕೈಯಾಗ ಏನದ ನೋಡ್ರಿ

ಕಲಬುರಗಿಯ ಒಂದು ಕಾಲೇಜಿನಾಗ ಕಂಪ್ಯೂಟರ್ ಓದೋ ಹುಡುಗ ಹುಡುಗ್ಯಾರ ಮುಂದ ಮಾತಾಡಿದ್ದು ಇದು. ರೆಕಾರ್ಡಿಂಗ್ ಕೇಳಿ ಬರದು ಇಳಿಸೀನಿ, ಮಾತಿನ ಧಾಟಿ ಹಂಗೇ ಬಿಟ್ಟೀನಿ.

ಮೊದ್ಲ ಒಂದು ಕೆಲಸ ಮಾಡ್ರಿ. ಫೋನ್ ತೆಗೀರಿ, ನಿಮ್ಮ ನಿಮ್ಮ ಪ್ರಾಜೆಕ್ಟಿನ ಪೇಜ್ ತೆರದು ಇಡ್ರಿ. ತೆರೀತಾ? ಈಗ ಏರೋಪ್ಲೇನ್ ಮೋಡ್ ಹಾಕ್ರಿ, ಹಾಕಿ ಡೇಟಾ ತರಿಸೋ ಬಟನ್ ಯಾವುದದ ಅದನ್ನ ಒತ್ರಿ. ಏನಾಯ್ತು? ಹಿಂದಿನ ಬೆಂಚಿನವರು ಹೇಳ್ರಿ ಜೋರಾಗಿ. ಚಕ್ರ ತಿರಗಲಾಕತ್ತದ, ಸರಿ. ನಿಮ್ದು? ಏನೂ ಆಗಿಲ್ಲ, ಬಟನ್ ಸತ್ತಂಗ ಕುಂತದ. ಆಕಿದು? ಬೆಳ್ಳಗ ಖಾಲಿ ಪೇಜ್. ಮೂವತ್ತು ಫೋನಿನಾಗ ಒಂದರಾಗೂ "ನೆಟ್ ಇಲ್ಲ, ಜರಾ ನಿಂತು ಮತ್ತ ನೋಡ್ರಿ" ಅಂತ ಒಂದು ಮಾತು ಬಂದಿಲ್ಲ.

ಬ್ರೌಸರಿನಾಗ ಡೇಟಾ ತರಿಸೋದು ಒಂದು ಸಾಲಿನ ಕೆಲಸ ಅಂತ ಎಲ್ಲಾ ಟ್ಯುಟೋರಿಯಲ್ ಹೇಳ್ತಾವ, ಫೆಚ್ ಅಂತ ಬರೀರಿ, ಬ್ರಾಕೆಟಿನಾಗ ವಿಳಾಸ ಕೊಡ್ರಿ, ಮುಗೀತು. ಖರೇ ಅದ. ಬಂದ್ರ ಒಂದೇ ಸಾಲು. ಬರದಿದ್ರ ಏನು, ತಡಾ ಆದ್ರ ಏನು, ಅರ್ಧಾ ಬಂದು ನಿಂತ್ರ ಏನು, ಕೇಳಿದ್ದು ಬಿಟ್ಟು ಬೇರೆ ಏನರ ಬಂದ್ರ ಏನು, ಇವು ಉಳಿದ ನಲವತ್ತು ಸಾಲು. ನಾ ಇವತ್ತ ಆ ನಲವತ್ತು ಸಾಲಿನ ಬಗ್ಗೆನೇ ಮಾತಾಡಾವ ಇದ್ದೀನಿ, ಯಾಕಂದ್ರ ನೀವು ಬರೆಯೋ ಪೇಜ್ ನೋಡಾವ್ರು ಕಾಲೇಜಿನ ವೈಫೈಯಾಗ ಕುಂತು ನೋಡಂಗಿಲ್ಲ, ಚಿಂಚೋಳಿ ಕಡಿ ಹೊಲದ ಬದುವಿನ ಮ್ಯಾಲ ನಿಂತು ಒಂದೇ ಕಡ್ಡಿ ಸಿಗ್ನಲಿನಾಗ ನೋಡ್ತಾರ.

ಹಿಂದಿಂದು ಜರಾ ಹೇಳಿ ಮುಂದ ಹೋಗ್ತೀನಿ. ಪೇಜ್ ಪೂರಾ ಮತ್ತ ಲೋಡ್ ಮಾಡದೇ ಹಿಂದಿಂದಲೇ ಸರ್ವರಿಗಿ ಮಾತಾಡೋ ವಿದ್ಯೆ ಮೊದ್ಲ ಬಂದದ್ದು 1999ರಾಗ, ಮೈಕ್ರೋಸಾಫ್ಟಿನ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರಾಗ. ಔಟ್‌ಲುಕ್ ಮೇಲ್ ಬ್ರೌಸರಿನಾಗ ನಡೀಬೇಕು ಅಂತ ಅವರು ಮಾಡ್ಕೊಂಡಿದ್ದು. ಎಕ್ಸ್‌ಎಂಎಲ್‌ಎಚ್‌ಟಿಟಿಪಿ ರಿಕ್ವೆಸ್ಟ್ ಅಂತ ಬಾಯಿ ತುಂಬೋ ಹೆಸರು, ಎಕ್ಸ್‌ಎಂಎಲ್ ಲೈಬ್ರರಿ ಜೋಡಿ ಸೇರಿಸಿ ಕೊಟ್ರು ಅಂತ ಆ ಹೆಸರು ಬಂತು, ಅದರಾಗ ಎಕ್ಸ್‌ಎಂಎಲ್ಲೇ ತರಿಸಬೇಕು ಅಂತೇನಿಲ್ಲ. 2005ರಾಗ ಜೆಸ್ಸಿ ಜೇಮ್ಸ್ ಗ್ಯಾರೆಟ್ ಅನ್ನಾವ್ರು ಈ ಪದ್ಧತಿಗಿ ಏಜಾಕ್ಸ್ ಅಂತ ಹೆಸರಿಟ್ರು, ಅದೇ ವರ್ಷ ಗೂಗಲ್ ಮ್ಯಾಪ್ಸ್ ಬಂತು, ಮ್ಯಾಪ್ ಬೆರಳಿನಾಗ ಎಳದಂಗ ಸರಿಯೋದು ನೋಡಿ ಮಂದಿ ಬೆರಗಾದ್ರು. ಈಗ ನಾವು ಬಳಸೋ ಫೆಚ್ ಬ್ರೌಸರಿಗಿ ಬಂದದ್ದು 2015ರಾಗ, ಕ್ರೋಮ್ ಮತ್ತ ಫೈರ್‌ಫಾಕ್ಸ್ ಮೊದ್ಲ ತಂದ್ರು, ಸಫಾರಿಗಿ ಬರೋದ್ರಾಗ 2017 ಆಯ್ತು. ಉತ್ತರ ಬರೋತನ ಕಾಯಲಾಕ ಬರೆಯೋ ಅಸಿಂಕ್ ಅವೇಟ್ ಜಾವಾಸ್ಕ್ರಿಪ್ಟ್ ಭಾಷೆಯೊಳಗ ಸೇರಿದ್ದೂ 2017ರಾಗೇ. ಇತಿಹಾಸ ಇಷ್ಟು ಸಾಕು.

ಪ್ರಾಮಿಸ್ ಅಂದ್ರ ಏನು ಅಂತ ಪ್ರತಿ ಸಲಾ ಯಾರರ ಕೇಳೇ ಕೇಳ್ತಾರ. ನಿಮ್ಮ ಮನ್ಯಾಗ ಜ್ವಾಳಾ ಬೀಸಸಲಾಕ ಗಿರಣಿಗಿ ಹೋಗಿರ್ತೀರಲ್ಲ, ಸಂಜೀಕ ಗಿರಣಿ ಮುಂದ ಡಬ್ಬಿ ಸಾಲು ಹೆಂಗಿರ್ತದ. ನಿಮ್ಮ ಡಬ್ಬಿ ಇಟ್ಟು ಹೆಸರು ಹೇಳಿ ಬರ್ತೀರಿ. ಅಲ್ಲೇ ನಿಂತು ಹಿಟ್ಟಿನ ಧೂಳು ಕುಡೀಬೇಕು ಅಂತಿಲ್ಲ, ಸಂತಿಗಿ ಹೋಗ್ತೀರಿ, ಕಾಯಿಪಲ್ಲೆ ತರ್ತೀರಿ, ಆಮ್ಯಾಗ ಬಂದು ಡಬ್ಬಿ ಎತ್ಕೋತೀರಿ. ಫೆಚ್ ಕರದ ಕೂಡ್ಲೇ ನಿಮ್ಮ ಕೈಗಿ ಬರೋದು ಹಿಟ್ಟಲ್ಲ, ಡಬ್ಬಿ ಸಾಲಿನಾಗ ಅದ ಅನ್ನೋ ಮಾತು, ಆ ಮಾತೇ ಪ್ರಾಮಿಸ್. ಅದನ್ನೇ ಸ್ಕ್ರೀನಿನ ಮ್ಯಾಲ ಹಾಕಿದ್ರ ಆಬ್ಜೆಕ್ಟ್ ಪ್ರಾಮಿಸ್ ಅಂತ ಚೌಕ ಕಂಸದಾಗ ಕಾಣಸ್ತದ, ನಿಮ್ಮಾಗ ಅರ್ಧಾ ಮಂದಿ ಇದನ್ನ ನೋಡೀರಿ ಅಂತ ನಗೋದ್ರಾಗೇ ಗೊತ್ತಾಗ್ತದ. ಅವೇಟ್ ಅಂತ ಬರದ್ರ ಆ ಫಂಕ್ಷನ್ ಮಾತ್ರ ಅಲ್ಲಿ ನಿಲ್ತದ, ಪೇಜ್ ನಿಲ್ಲಂಗಿಲ್ಲ, ಸ್ಕ್ರೋಲ್ ನಡೀತದ, ಬಟನ್ ಒತ್ತಬಹುದು. ಬ್ರೌಸರಿನಾಗ ನಿಮ್ಮ ಜಾವಾಸ್ಕ್ರಿಪ್ಟ್ ಓಡಿಸಾಂವ ಒಬ್ಬನೇ ಆಳು, ಅವನೇ ಗಿರಣಿ ಮುಂದ ನಿಂತ್ರ ಮನ್ಯಾಗ ಯಾವ ಕೆಲಸಾನೂ ಆಗಂಗಿಲ್ಲ.

ಈಗ ಇನ್ನೊಂದು ನೋಡ್ರಿ, ಅವೇಟ್ ಎರಡು ಸಲಾ ಯಾಕ ಬರೀತೀವಿ? ಮೊದ್ಲ ಅವೇಟ್ ಫೆಚ್, ಆಮ್ಯಾಗ ಅವೇಟ್ ರೆಸ್ಪಾನ್ಸ್ ಡಾಟ್ ಜೇಸನ್. ಜೇಸನ್ ಅಂದ್ರ ಡೇಟಾನ ಅಕ್ಷರದಾಗ ಬರದು ಕಳಿಸೋ ಒಂದು ನಮೂನಿ. ಭಾಳ ಮಂದಿ ಇದನ್ನ ಮಂತ್ರ ಹೇಳಿದಂಗ ಬರೀತಾರ, ಕಾರಣ ಕೇಳಿದ್ರ ಗೊತ್ತಿಲ್ಲ ಅಂತಾರ. ಮೊದಲ್ನೇ ಅವೇಟ್ ಮುಗಿಯೋದು ಉತ್ತರದ ತಲಿ ಬಂದಾಗ, ಅಂದ್ರ ಕೆಲಸ ಆಯ್ತೋ ಇಲ್ಲೋ ಹೇಳೋ ಸ್ಟೇಟಸ್ ನಂಬರು ಮತ್ತ ಉತ್ತರದ ವಿವರ ಹೇಳೋ ಹೆಡರುಗಳು ಬಂದಾಗ. ಮೈ ಇನ್ನೂ ದಾರ್ಯಾಗೇ ಇರ್ತದ. ಎರಡ್ನೇದು ಆ ಮೈ ಪೂರಾ ಇಳಿಯೋತನ ಕಾಯ್ತದ, ಇಳದ ಮ್ಯಾಲ ಜೇಸನ್ ಬಿಡಿಸಿ ಕೊಡ್ತದ. ನಿಮ್ಮ ಲ್ಯಾಬಿನಾಗ ಇವೆರಡರ ನಡುವಿನ ಅಂತರ ಕಣ್ಣಿಗಿ ಕಾಣಂಗಿಲ್ಲ, ಹೊಲದಾಗ ಕಾಣ್ತದ. ಸ್ಟೇಟಸ್ 200 ಬಂದು ಎಲ್ಲಾ ಛಲೋ ಅದ ಅನ್ನೋದ್ರಾಗ ಸಿಗ್ನಲ್ ಹೋಗಿ ಮೈ ಅರ್ಧಕ್ಕ ಹರೀತದ, ಆಗ ಎರಡ್ನೇ ಅವೇಟಿನಾಗ ಎರರ್ ಬೀಳ್ತದ. ಅದಕ್ಕ ಟ್ರೈ ಕ್ಯಾಚ್, ಅಂದ್ರ ಬಿದ್ದ ಎರರ್ ಹಿಡಿಯೋ ಕಟ್ಟು, ಹಾಕಿದ್ರ ಎರಡೂ ಅವೇಟು ಅದರೊಳಗ ಇರಬೇಕು, ಮೊದಲ್ನೇದಕ್ಕಷ್ಟೇ ಹಾಕಿ ಎರಡ್ನೇದನ್ನ ಹೊರಗ ಬಿಡಬ್ಯಾಡ್ರಿ. ಇನ್ನ ಆ ಮೈಯನ್ನ ಒಂದೇ ಸಲಾ ಓದಲಾಕ ಬರ್ತದ, ಡೀಬಗ್ ಮಾಡಬೇಕು ಅಂತ ಮೊದ್ಲ ಟೆಕ್ಸ್ಟ್ ಅಂತ ಓದಿ ಆಮ್ಯಾಗ ಜೇಸನ್ ಅಂತ ಓದಲಾಕ ಹೋದ್ರ ಆಗಂಗಿಲ್ಲ, ಎರಡು ಸಲಾ ಬೇಕಂದ್ರ ಓದೋಕಿಂತ ಮೊದ್ಲೇ ಕ್ಲೋನ್, ಅಂದ್ರ ನಕಲು, ಮಾಡ್ಕೋಬೇಕು.

ಇನ್ನ ಇವತ್ತಿನ ಮುಖ್ಯ ಮಾತಿಗಿ ಬರ್ತೀನಿ. ಮನ್ಯಾಗ ಸಣ್ಣ ಹುಡುಗನ್ನ ಅಂಗಡಿಗಿ ಕಳಸ್ತೀರಿ, ಹೋಗಿ ಒಂದು ಕೇಜಿ ಸಕ್ರಿ ತಗೊಂಡು ಬಾ ಅಂತ. ಹುಡುಗ ಹೋದ, ಬಂದ. ಕೈಯಾಗ ಏನೂ ಇಲ್ಲ. "ಅಂಗಡಿ ಮುಚ್ಚ್ಯಾರ" ಅಂತಾನ. ಹುಡುಗನ ಲೆಕ್ಕದಾಗ ಅವನ ಕೆಲಸ ಆಯ್ತು, ಹೋಗಿ ಬರ್ಲಾಕ ಹೇಳಿದ್ರಿ, ಹೋಗಿ ಬಂದಾನ. ಫೆಚ್ ಅನ್ನೋದು ಈ ಹುಡುಗ. ಸರ್ವರ್ 404 ಅಂದ್ರೂ, ಅಂದ್ರ ಅಂಥಾದ್ದು ನಮ್ಮಲ್ಲಿ ಇಲ್ಲ ಅಂದ್ರೂ, 500 ಅಂದ್ರೂ, ಅಂದ್ರ ನಮ್ಮಲ್ಲೇ ಏನೋ ಕೆಟ್ಟದ ಅಂದ್ರೂ, ಫೆಚ್ ಅದನ್ನ ಸೋಲು ಅಂತ ತಿಳಿಯಂಗಿಲ್ಲ. ಉತ್ತರ ಬಂತಲ್ಲ, ಪ್ರಾಮಿಸ್ ಪೂರಾ ಆಯ್ತು, ನಿಮ್ಮ ಕ್ಯಾಚ್ ಕಡಿ ಅದು ಹಣಿಕಿನೂ ಹಾಕಂಗಿಲ್ಲ. ಹುಡುಗ ದಾರ್ಯಾಗೇ ಉಳಿದ್ರ ಮಾತ್ರ, ಅಂದ್ರ ನೆಟ್ ಇಲ್ಲ, ಸರ್ವರಿನ ಹೆಸರೇ ಸಿಗವಲ್ತು, ಬ್ರೌಸರ್ ಅಡ್ಡ ಹಾಕ್ತು, ಇಂಥಾವ ಆದ್ರ ಮಾತ್ರ ಕ್ಯಾಚಿಗಿ ಬರ್ತದ. ಅದಕ್ಕೇ ಹುಡುಗ ಬಂದ ಮ್ಯಾಲ ಕೈಯಾಗ ಏನದ ಅಂತ ನೋಡೋದು ನಿಮ್ಮ ಕೆಲಸ, ರೆಸ್ಪಾನ್ಸ್ ಡಾಟ್ ಓಕೆ ಅಂತ ಒಂದು ಅದ, ಸ್ಟೇಟಸ್ 200ರಿಂದ 299ರ ಒಳಗ ಇದ್ರ ಅದು ನಿಜ, ಇಲ್ಲಾಂದ್ರ ಸುಳ್ಳು. ಓಕೆ ಇಲ್ಲಾಂದ್ರ ನೀವೇ ಎರರ್ ಎಸೀರಿ, ಆಗ ಅದು ಕ್ಯಾಚಿಗಿ ಹೋಗಿ ಬೀಳ್ತದ.

ಇದನ್ನ ನಾ ಪುಸ್ತಕ ನೋಡಿ ಹೇಳಲಾಕತ್ತಿಲ್ಲ. ತೊಗರಿ ರೇಟ್ ತೋರಸೋ ಒಂದು ಪೇಜ್ ಮಾಡಿದ್ದೆ, ಮೂರು ನಾಕು ವರ್ಷದ ಹಿಂದ, ನಮ್ಮ ಮಂದಿ ಸಲುವಾಗಿ. ಮುಂಜಾನೆದ್ದು ಮಾರ್ಕೆಟಿಗಿ ಫೋನ್ ಹಚ್ಚಿ ಅಡತ್ಯಾರಿಗಿ ಕೇಳೋದು ತಪ್ಲಿ ಅಂತ. ಒಂದು ಸೇವೆಯಿಂದ ರೇಟ್ ತರಸ್ತಿದ್ದೆ. ಕೋಡಿನಾಗ ಒಂದು ಸಾಲು ಬರದಿದ್ದೆ, ಹೊಸ ರೇಟ್ ಇದ್ರ ಅದು, ಇಲ್ಲಾಂದ್ರ ಫೋನಿನಾಗ ಉಳಿಸಿದ ಹಳೇ ರೇಟು, ಎರಡು ಉದ್ದ ಗೀಟು ಹಾಕಿ ಬರೀತೀವಲ್ಲ ಹಂಗ. ಖಾಲಿ ಕಾಣಬಾರದು ಅಂತ ಮಾಡಿದ್ದು, ಉದ್ದೇಶ ಛಲೋನೇ ಇತ್ತು. ಅದರ ಮ್ಯಾಲ ತಾರೀಖು ತೋರಸ್ತಿದ್ದೆ, ಆ ತಾರೀಖು ಎಲ್ಲಿಂದ ತಗೊಂಡಿದ್ದೆ ಅಂದ್ರ ಫೋನಿನ ಗಡಿಯಾರದಿಂದ. ಒಂದು ವಾರ ಆ ಸೇವೆ ಕೆಟ್ಟು 503 ಕೊಡ್ಲಾಕತ್ತು, ಮೈಯಾಗ ಜೇಸನ್ನೇ ಇತ್ತು, ಆದ್ರ ರೇಟ್ ಜಾಗಾದಾಗ "ಸರ್ವಿಸ್ ಅನ್‌ಅವೇಲೆಬಲ್" ಅಂತ ಮೆಸೇಜು. ನಾ ಓಕೆ ನೋಡಿಲ್ಲ. ಜೇಸನ್ ಸರಿಯಾಗೇ ಬಿಚ್ಚಿಕೊಂತು, ರೇಟ್ ಅನ್ನೋ ಹೆಸರು ಅದರಾಗ ಇಲ್ಲ, ಅನ್‌ಡಿಫೈನ್ಡ್, ಹಂಗಾಗಿ ಹಳೇ ರೇಟ್ ಬಂತು, ಮ್ಯಾಲ ಇವತ್ತಿನ ತಾರೀಖು ಕುಂತು. ನನ್ನ ಕೋಡಿನಾಗ ಒಂದು ಎರರ್ ಬಿದ್ದಿಲ್ಲ, ಪೇಜ್ ನೋಡಿದ್ರ ಥಳಥಳ ಅನ್ನೋದು.

ನಮ್ಮ ಕಾಕಾ ಆ ರೇಟ್ ನೋಡಿ ಟೆಂಪೋ ಮಾಡ್ಕೊಂಡು ತೊಗರಿ ಹೇರ್ಕೊಂಡು ಗಂಜ್ ಮಾರ್ಕೆಟಿಗಿ ಬಂದ್ರು. ಮೂರು ದಿನದಾಗ ರೇಟ್ ಕೆಳಗ ಇಳದಿತ್ತು. ವಾಪಸ್ ಒಯ್ಯಬೇಕಂದ್ರ ಮತ್ತ ಟೆಂಪೋ ಬಾಡಿಗಿ, ಚೀಲ ಇಳಿಸಿದ ಹಮಾಲಿ ಬ್ಯಾರೆ, ಕೊಟ್ಟು ಹೋದ್ರು. ನನಗ ಒಂದು ಮಾತು ಬೈದಿಲ್ಲ ಅವರು, ರಾತ್ರಿ ಫೋನ್ ಹಚ್ಚಿ "ನಿನ್ನ ಫೋನಿನಾಗ ಇನ್ನೂ ಹಂಗೇ ತೋರಸ್ತದೇನಪ್ಪ" ಅಂತ ಕೇಳಿದ್ರು, ಅಷ್ಟೇ. ನಾ ಆವಾಗ ಕೋಡ್ ತೆರದು ನೋಡಿದೆ. ಮೂರೇ ತಪ್ಪು. ಸ್ಟೇಟಸ್ ನೋಡಿಲ್ಲ, ಹಳೇದಕ್ಕ ಹಳೇದು ಅಂತ ಬರದಿಲ್ಲ, ತಾರೀಖನ್ನ ಡೇಟಾದಿಂದ ತಗೊಂಡಿಲ್ಲ. ಒಂದೊಂದೂ ಒಂದೇ ಸಾಲಿನಾಗ ಸರಿ ಆಗೋ ತಪ್ಪು. ಹಳೇ ರೇಟ್ ತೋರಸೋದು ತಪ್ಪಲ್ಲ ನೋಡ್ರಿ, ಮೂರು ದಿನದ ಹಿಂದಿಂದು ಅಂತ ದೊಡ್ಡ ಅಕ್ಷರದಾಗ ಅದರ ಬಾಜೂಕೇ ಬರೀರಿ, ಅದೂ ಉಪಯೋಗದ್ದೇ. ಹಳೇದನ್ನ ಹೊಸದು ಅಂತ ತೋರಸೋದು ತಪ್ಪು. ಖಾಲಿ ಪೇಜ್ ಇದ್ದಿದ್ರ ಕಾಕಾ ಅಡತ್ಯಾಗ ಒಂದು ಫೋನ್ ಹಚ್ಚತಿದ್ರು.

ಇನ್ನೊಂದು ನಮೂನಿ ಅದ, ಇದನ್ನ ನೀವೆಲ್ಲಾ ಕಂಡೀರಿ. ಅನ್‌ಎಕ್ಸ್‌ಪೆಕ್ಟೆಡ್ ಟೋಕನ್ ಅಂತ ಬರ್ತದ, ಅದರ ಮುಂದ ಲೆಸ್ ದ್ಯಾನ್ ಚಿಹ್ನೆ ಇರ್ತದ. ಹುಡುಗೂರು ಜೇಸನ್ ಕೆಟ್ಟದ ಅಂತ ತಲಿ ಕೆಡಿಸ್ಕೋತಾರ. ಜೇಸನ್ ಬಂದೇ ಇಲ್ಲ ಅಲ್ಲಿ. ಆ ಚಿಹ್ನೆ ಎಚ್‌ಟಿಎಂಎಲ್ ಪೇಜಿನ ಮೊದಲ್ನೇ ಅಕ್ಷರ. ಸರ್ವರ್ ಎರರ್ ಪೇಜೋ ಲಾಗಿನ್ ಪೇಜೋ ಕಳಿಸ್ಯದ, ಕೆಲವೊಮ್ಮೆ "ದುರಸ್ತಿ ನಡದದ" ಅನ್ನೋ ಪೇಜನ್ನ 200 ಹಾಕಿನೇ ಕಳಸ್ತಾವ, ಆಗ ಓಕೆ ನೋಡಿದ್ರೂ ಸಿಕ್ಕೊಳಂಗಿಲ್ಲ. ಅದಕ್ಕ ಹೆಡರಿನಾಗ ಕಂಟೆಂಟ್ ಟೈಪ್ ಏನದ ಅಂತನೂ ನೋಡ್ರಿ. ಇದರ ಉಲ್ಟಾ 204, ಕೆಲಸ ಆಗ್ಯದ ಆದ್ರ ಕೊಡ್ಲಾಕ ಏನಿಲ್ಲ ಅಂತ, ಅದು ಓಕೆನೇ, ಆದ್ರ ಮೈ ಖಾಲಿ, ಅದಕ್ಕ ಜೇಸನ್ ಅಂದ್ರ ಎರರ್.

ಈಗ ಕಾರ್ಸ್, ಒಂದು ಕಡಿ ಪೇಜು ಇನ್ನೊಂದು ಕಡಿ ಸರ್ವರಿನ ಉತ್ತರ ಓದಬಹುದೋ ಇಲ್ಲೋ ಅನ್ನೋ ಬ್ರೌಸರಿನ ಕಟ್ಟಳೆ. ಹೆಸರು ಹೇಳಿದ ಕೂಡ್ಲೇ ಎಷ್ಟು ಮಂದಿ ಮಾರಿ ಸಣ್ಣ ಮಾಡಿದ್ರಿ ನೋಡ್ರಿ. ಪೋಸ್ಟ್‌ಮನ್ನಿನಾಗ (ರಿಕ್ವೆಸ್ಟ್ ಕಳಿಸಿ ನೋಡೋ ಆ್ಯಪು) ನಡೀತದ, ಬ್ರೌಸರಿನಾಗ ಯಾಕ ನಡ್ಯಂಗಿಲ್ಲ ಅಂತ ಆಗಲೇ ಒಬ್ಬರು ಚೀಟಿ ಕಳಿಸ್ಯಾರ. ಇದನ್ನ ಜರಾ ನಿಂತು ನೋಡೋಣ.

ನೀವು ಒಂದು ಟ್ಯಾಬಿನಾಗ ಬ್ಯಾಂಕ್ ಲಾಗಿನ್ ಆಗೀರಿ ಅಂತ ತಿಳ್ಕೋರಿ. ಇನ್ನೊಂದು ಟ್ಯಾಬಿನಾಗ ಯಾವುದೋ ಗುರುತಿಲ್ಲದ ಪೇಜ್ ತೆರದೀರಿ. ಆ ಪೇಜಿನ ಕೋಡ್ ನಿಮ್ಮ ಬ್ಯಾಂಕಿನ ವಿಳಾಸಕ್ಕ ಫೆಚ್ ಮಾಡಿ ಉತ್ತರ ಓದಲಾಕ ಬಂದ್ರ ಏನಾಗ್ತದ? ಕುಕಿ, ಅಂದ್ರ ಲಾಗಿನ್ ಆದ ಗುರುತು, ನಿಮ್ದು, ಬ್ಯಾಲೆನ್ಸ್ ನಿಮ್ದು, ಓದಾಂವ ಅವ. ಇದು ಆಗಬಾರದು ಅಂತ ಬ್ರೌಸರ್ ಒಂದು ಕಟ್ಟಳೆ ಇಟ್ಟದ, ಒಂದು ಮೂಲದ ಪೇಜು ಇನ್ನೊಂದು ಮೂಲದ ಉತ್ತರ ಓದಬೇಕಂದ್ರ ಆ ಇನ್ನೊಂದು ಮೂಲ ಒಪ್ಪಬೇಕು. ಮೂಲ ಅಂದ್ರ ಮೂರು ಸೇರಿ, ಎಚ್‌ಟಿಟಿಪಿನೋ ಎಚ್‌ಟಿಟಿಪಿಎಸ್ಸೋ ಅನ್ನೋದು, ಹೋಸ್ಟಿನ ಹೆಸರು, ಪೋರ್ಟ್ ನಂಬರು. ಮೂರರಾಗ ಒಂದು ಬ್ಯಾರೆ ಆದ್ರೂ ಮೂಲ ಬ್ಯಾರೆ. ನಿಮ್ಮದೇ ಲ್ಯಾಪ್‌ಟಾಪಿನಾಗ 5500ರಾಗ ಪೇಜು, 3000ದಾಗ ಸರ್ವರ್ ಓಡಿಸ್ತೀರಿ, ಎರಡೂ ಲೋಕಲ್‌ಹೋಸ್ಟೇ, ಎರಡೂ ನಿಮ್ಮವೇ, ಆದ್ರೂ ಬ್ರೌಸರಿನ ಕಣ್ಣಾಗ ಅವು ಎರಡು ಮನಿ. ಫೈಲ್ ಮ್ಯಾಲ ಡಬಲ್ ಕ್ಲಿಕ್ ಮಾಡಿ ತೆರದ್ರ ಇನ್ನೂ ಕೆಟ್ಟ, ಅದಕ್ಕ ಮೂಲನೇ ಇಲ್ಲ, ನಲ್ ಅಂತ ಹೋಗ್ತದ.

ಒಪ್ಪಿಗಿ ಹೆಂಗ ಗೊತ್ತಾಗ್ತದ? ಉತ್ತರದ ಹೆಡರಿನಾಗ ಆಕ್ಸೆಸ್ ಕಂಟ್ರೋಲ್ ಅಲೌ ಒರಿಜಿನ್ ಅಂತ ಬರಬೇಕು, ಅದರಾಗ ನಿಮ್ಮ ಮೂಲದ ಹೆಸರಿರಬೇಕು, ಇಲ್ಲಾ ಎಲ್ಲಾರಿಗೂ ಅಂತ ನಕ್ಷತ್ರ ಇರಬೇಕು. ಇಲ್ಲಿ ಮಂದಿ ತಪ್ಪು ತಿಳ್ಕೊಳ್ಳೋದು ಏನಂದ್ರ, ರಿಕ್ವೆಸ್ಟೇ ಹೋಗಂಗಿಲ್ಲ ಅಂತ. ಸಾದಾ ರಿಕ್ವೆಸ್ಟ್ ಇದ್ರ ಅದು ಹೋಗಿರ್ತದ, ಸರ್ವರ್ ಕೆಲಸ ಮಾಡಿರ್ತದ, ಉತ್ತರಾನೂ ಬಂದಿರ್ತದ, ಬಾಗಿಲ ತನಕ ಬಂದ ಉತ್ತರಾನ ಬ್ರೌಸರ್ ನಿಮ್ಮ ಕೋಡಿನ ಕೈಗಿ ಕೊಡಂಗಿಲ್ಲ, ಅಷ್ಟೇ. ಜೇಸನ್ ಪೋಸ್ಟ್ ಮಾಡೋದು, ಅಂದ್ರ ಸರ್ವರಿಗಿ ಕಳಿಸೋದು, ನಾ ಯಾರು ಅಂತ ಹೇಳೋ ಆಥರೈಸೇಶನ್ ಹೆಡರ್ ಹಾಕೋದು ಇಂಥಾವ ಇದ್ರ ಮಾತ್ರ ಬ್ರೌಸರ್ ಮೊದ್ಲ ಆಪ್ಶನ್ಸ್ ಅಂತ ಒಂದು ರಿಕ್ವೆಸ್ಟ್ ಕಳಿಸಿ "ಬರ್ಲ್ಯಾ?" ಅಂತ ಕೇಳ್ತದ, ಅದಕ್ಕ ಪ್ರೀಫ್ಲೈಟ್ ಅಂತಾರ, ಅಲ್ಲಿ ಒಪ್ಪಿಗಿ ಸಿಗದಿದ್ರ ಖರೇ ರಿಕ್ವೆಸ್ಟ್ ಹೋಗಂಗಿಲ್ಲ. ನೆಟ್‌ವರ್ಕ್ ಟ್ಯಾಬಿನಾಗ ಒಂದೇ ವಿಳಾಸ ಎರಡು ಸಲಾ ಕಂಡ್ರ ಗಾಬರಿ ಆಗಬ್ಯಾಡ್ರಿ, ಮೊದಲ್ನೇದು ಕೇಳಲಾಕ ಹೋಗಿದ್ದು.

ಪೋಸ್ಟ್‌ಮನ್ನಿನಾಗ ನಡಿಯೋದು ಇದಕ್ಕೇ, ಅಲ್ಲಿ ಕಾಯಾವ್ರು ಯಾರೂ ಇಲ್ಲ, ಬೇರೆಯವರ ಕುಕಿ ಕದಿಯೋ ಪ್ರಶ್ನೆನೂ ಇಲ್ಲ. ಇದಕ್ಕ ಮದ್ದು ಅಂತ ನೆಟ್ಟಿನಾಗ ಸಿಗೋವು ಮೂರು. ಮೋಡ್ ನೋ ಕಾರ್ಸ್ ಅಂತ ಹಾಕ್ರಿ ಅಂತಾರ, ಹಾಕಿದ್ರ ಕೆಂಪು ಎರರ್ ಹೋಗ್ತದ, ಆದ್ರ ಬರೋ ಉತ್ತರ ಮುಚ್ಚಿದ ಡಬ್ಬಿ, ಸ್ಟೇಟಸ್ ಸೊನ್ನೆ, ಒಳಗ ಏನದ ಅಂತ ಓದಲಾಕ ಬರಂಗಿಲ್ಲ, ಹಂಗಾಗಿ ಏನೂ ಉಪಯೋಗಿಲ್ಲ. ಬ್ರೌಸರಿನ ಸೆಕ್ಯುರಿಟಿ ಬಂದ್ ಮಾಡ್ರಿ ಅಂತಾರ, ಅದು ನಿಮ್ಮ ಒಂದು ಲ್ಯಾಪ್‌ಟಾಪಿನಾಗ ನಡೀತದ, ಕಾಕಾನ ಫೋನಿನಾಗ ನಡ್ಯಂಗಿಲ್ಲ. ಯಾರದೋ ಪುಕ್ಕಟ್ಟೆ ಪ್ರಾಕ್ಸಿ, ಅಂದ್ರ ನಡುವಿನ ಸರ್ವರ್, ಅದರ ಮೂಲಕ ಕಳಿಸ್ರಿ ಅಂತಾರ, ಆ ಯಾರೋ ನಿಮ್ಮ ಡೇಟಾ ಎಲ್ಲಾ ನೋಡ್ತಾನ, ದಯಮಾಡಿ ಮಾಡಬ್ಯಾಡ್ರಿ. ಸರಿ ದಾರಿ ಅಂದ್ರ ನಿಮ್ಮದೇ ಒಂದು ಸಣ್ಣ ಸರ್ವರ್. ಸರ್ವರಿಂದ ಸರ್ವರಿಗಿ ಈ ಕಟ್ಟಳೆ ಇಲ್ಲ, ಅದು ಹೋಗಿ ತಂದು ನಿಮ್ಮ ಪೇಜಿಗಿ ಕೊಡ್ತದ. ಹದಿನೈದು ನಿಮಿಷಕ್ಕ ಒಂದು ಸಲಾ ತಂದು ಇಟ್ಕೊಂಡ್ರ ಸಾವಿರ ಮಂದಿ ನೋಡಿದ್ರೂ ಆ ಕಡಿಯವರಿಗಿ ಒಂದೇ ರಿಕ್ವೆಸ್ಟ್ ಹೋಗ್ತದ.

ಅದೇ ಸರ್ವರ್ ಇನ್ನೊಂದು ಕೆಲಸಕ್ಕೂ ಬೇಕು. ಎಪಿಐ ಕೀ, ಅಂದ್ರ ಡೇಟಾ ಕೊಡೋ ಸೇವೆಯವರು ನಿಮ್ಮ ಗುರುತು ಹಿಡಿಯಲಾಕ ಕೊಡೋ ಗುಟ್ಟಿನ ಅಕ್ಷರ. ಬ್ರೌಸರ್ ಕೋಡಿನಾಗ ಬರದ ಕೀ ಗುಟ್ಟಿಂದು ಅಲ್ಲ, ನೀವು ಎಷ್ಟು ಮುಚ್ಚಿಟ್ರೂ ಎಫ್12 ಒತ್ತಿ ನೆಟ್‌ವರ್ಕ್ ಟ್ಯಾಬ್ ನೋಡಿದ್ರ ರಿಕ್ವೆಸ್ಟಿನಾಗ ಪೂರಾ ಕಾಣಸ್ತದ. ಎನ್ವಿರಾನ್‌ಮೆಂಟ್ ಫೈಲಿನಾಗ ಇಟ್ಟೀನಿ ಸರ್ ಅಂತೀರಿ, ಬಿಲ್ಡ್ ಆದ ಮ್ಯಾಲ ಅದು ಬ್ರೌಸರಿಗಿ ಹೋಗೋ ಬಂಡಲಿನೊಳಗೇ ಹೋಗಿ ಕುಂತಿರ್ತದ. ಕೀ ಸರ್ವರಿನಾಗ ಇರಲಿ.

ಕ್ಯಾಚಿನೊಳಗ ಬರೋ ಎರರಿನ ಬಗ್ಗೆ ಒಂದು ಮಾತು. ಕ್ರೋಮಿನಾಗ ಫೇಲ್ಡ್ ಟು ಫೆಚ್ ಅಂತದ, ಸಫಾರಿ ಲೋಡ್ ಫೇಲ್ಡ್ ಅಂತದ, ಫೈರ್‌ಫಾಕ್ಸಿಂದು ಬ್ಯಾರೆ ಮಾತು. ನೆಟ್ ಇಲ್ಲಾಂದ್ರೂ ಅದೇ, ಕಾರ್ಸ್ ಆದ್ರೂ ಅದೇ, ಎಚ್‌ಟಿಟಿಪಿಎಸ್ ಪೇಜಿನಿಂದ ಬರೇ ಎಚ್‌ಟಿಟಿಪಿ ವಿಳಾಸ ಕರದು ಬ್ರೌಸರ್ ತಡದ್ರೂ ಅದೇ. ಬೇಕಂತನೇ ಹಂಗ ಮಾಡ್ಯಾರ, ಕಾರಣ ಬಿಡಿಸಿ ಹೇಳಿದ್ರ ಗುರುತಿಲ್ಲದ ಪೇಜು ಅದರಿಂದನೇ ನಿಮ್ಮ ಒಳಗಿನ ನೆಟ್‌ವರ್ಕಿನಾಗ ಏನೇನದ ಅಂತ ತಡಕಾಡಬಹುದು. ಅದಕ್ಕ ಕೋಡಿನಾಗ ಆ ಮೆಸೇಜಿನ ಅಕ್ಷರ ಹೋಲಿಸಿ ತೀರ್ಮಾನ ಮಾಡಬ್ಯಾಡ್ರಿ. ನೆಟ್ ಅದನೋ ಇಲ್ಲೋ ಅಂತ ನ್ಯಾವಿಗೇಟರ್ ಡಾಟ್ ಆನ್‌ಲೈನ್ ಕೇಳಿದ್ರ ಅದು ರೌಟರಿಗಿ ಜೋಡಣಿ ಇದ್ರೂ ಹೌದು ಅಂತದ, ರೌಟರಿನ ಆಚೆ ನೆಟ್ ಸತ್ತಿದ್ರೂ ಹೌದು ಅಂತದ. ಇಲ್ಲ ಅಂದ್ರ ನಂಬ್ರಿ, ಹೌದು ಅಂದ್ರ ನಂಬಬ್ಯಾಡ್ರಿ.

ತಡಾ ಆಗೋದ್ರ ಬಗ್ಗೆ. ಫೆಚ್ಚಿಗಿ ತಾನಾಗೇ ಹೊತ್ತಿನ ಮಿತಿ ಇಲ್ಲ, ಬ್ರೌಸರ್ ತನಗ ಬ್ಯಾಸರ ಆಗೋತನ ಕಾಯ್ತದ, ಅದು ನಿಮಿಷಗಟ್ಟಲೆ ಆಗಬಹುದು. ಅಷ್ಟು ಹೊತ್ತು ಚಕ್ರ ನೋಡ್ಕೊಂತ ಯಾರು ಕುಂತಾರು? ಅಬಾರ್ಟ್ ಸಿಗ್ನಲ್ ಡಾಟ್ ಟೈಮೌಟ್ ಅಂತ ಅದ, 8000 ಅಂತ ಕೊಟ್ರ ಎಂಟು ಸೆಕೆಂಡಿಗಿ ಕೈ ಬಿಡ್ತದ, ಕ್ಯಾಚಿನಾಗ ಟೈಮೌಟ್ ಎರರ್ ಅಂತ ಹೆಸರು ಬರ್ತದ. ಎಂಟೇ ಯಾಕ ಅಂದ್ರ ಶಾಸ್ತ್ರ ಏನಿಲ್ಲ, ನಮ್ಮ ಕಡಿ ಫೋನ್ ಹಿಡ್ಕೊಂಡು ನೋಡಿ ನಾ ಇಟ್ಕೊಂಡ ಲೆಕ್ಕ.

ಅದೇ ಅಬಾರ್ಟು ಹುಡುಕೋ ಡಬ್ಬಿಗೂ ಬೇಕು. ಮಂದಿ "ತೊ" ಅಂತ ಟೈಪ್ ಮಾಡ್ತಾರ, ಒಂದು ರಿಕ್ವೆಸ್ಟ್ ಹೋಯ್ತು, "ತೊಗರಿ" ಅಂತ ಪೂರಾ ಮಾಡ್ತಾರ, ಇನ್ನೊಂದು ಹೋಯ್ತು. ಮೊದ್ಲ ಹೋದದ್ದೇ ಮೊದ್ಲ ಬರ್ತದ ಅಂತ ಯಾರು ಹೇಳ್ಯಾರ? ತೊಗರಿ ಉತ್ತರ ಬಂದು ಸರಿಯಾಗಿ ಕಂಡ ಮ್ಯಾಲ, ಹಿಂದ ಉಳಿದಿದ್ದ "ತೊ" ಉತ್ತರ ಬಂದು ಅದರ ಮ್ಯಾಲ ಕುಂಡ್ರತದ, ಡಬ್ಬಿಯೊಳಗ ತೊಗರಿ ಅಂತದ, ಕೆಳಗ ಬ್ಯಾರೇನೋ ಪಟ್ಟಿ. ಹೊಸಾದು ಕಳಿಸೋಕಿಂತ ಮೊದ್ಲ ಹಳೇದನ್ನ ಅಬಾರ್ಟ್ ಮಾಡ್ರಿ, ಮತ್ತ ಟೈಪ್ ನಿಂತು 300 ಮಿಲಿಸೆಕೆಂಡ್ ಆದ ಮ್ಯಾಲನೇ ಕಳಿಸ್ರಿ. ವಿಳಾಸದಾಗ ಕನ್ನಡ ಹಾಕಬಹುದಾ ಅಂತ ಕೇಳ್ತಾರ, ಹಾಕಬಹುದು, ಬ್ರೌಸರ್ ತಾನೇ ಪರ್ಸೆಂಟ್ ಹಚ್ಚಿ ಬದಲಿಸ್ತದ, ಕನ್ನಡದ ಒಂದೊಂದು ಯೂನಿಕೋಡ್ ಕೋಡಿಗೂ (ಅಕ್ಷರ ಒಂದು ಕೋಡು, ಅದರ ಸ್ವರ ಚಿಹ್ನೆ ಇನ್ನೊಂದು) ಮೂರು ಬೈಟು, ಒಂದು ಬೈಟಿಗಿ ಮೂರು ಅಕ್ಷರ, ತೊಗರಿ ಅನ್ನೋ ಐದು ಕೋಡಿನ ಪದ ವಿಳಾಸದಾಗ 45 ಅಕ್ಷರ ಆಗಿ ಹೋಗ್ತದ. ತೊಂದ್ರಿ ಕನ್ನಡದಿಂದ ಅಲ್ಲ, "ತೊಗರಿ & ಕಡ್ಲಿ" ಅಂತ ಯಾರರ ಬರದ್ರ ನಡುವಿನ ಆ ಚಿಹ್ನೆಯಿಂದ, ಅಲ್ಲಿಗಿ ವಿಳಾಸ ಹರದು ಎರಡಾಗ್ತದ. ಯುಆರ್‌ಎಲ್ ಸರ್ಚ್ ಪ್ಯಾರಾಮ್ಸ್ ಬಳಸ್ರಿ, ಕೈಲೇ ಜೋಡಸಬ್ಯಾಡ್ರಿ. ಕನ್ನಡದ್ದು ತೊಂದ್ರಿ ಇರೋದು ಬ್ಯಾರೆ ಕಡಿ, "ತೊ" ಒಳಗಿನ ಒತ್ವವನ್ನ ಯೂನಿಕೋಡಿನಾಗ ಒಂದೇ ಕೋಡಾಗಿನೂ ಬರೀಬಹುದು, ಎರಡು ತುಂಡಾಗಿನೂ ಬರೀಬಹುದು, ಕಣ್ಣಿಗಿ ಒಂದೇ, ಹೋಲಿಸಿದ್ರ ಬ್ಯಾರೆ ಬ್ಯಾರೆ. ನಾರ್ಮಲೈಸ್ ಅಂತ ಒಂದು ಮಾತು ಹಾಕಿ ಹೋಲಿಸ್ರಿ.

ಡೇಟಾ ಬಂತು, ಓಕೆ, ಜೇಸನ್ನೇ ಬಂತು. ಆದ್ರೂ ಒಳಗ ಇಣುಕಿ ನೋಡ್ರಿ. ರೇಟ್ ನಂಬರಾಗಿ ಬರ್ತದ ಅಂತ ತಿಳ್ಕೊಂಡಿರ್ತೀರಿ, ಬಂದದ್ದು ಕೊಟೇಶನ್ನಿನೊಳಗ 7,250. ನಂಬರ್ ಅಂತ ಬದಲಿಸಿದ್ರ ನಂಬರೇ ಅಲ್ಲ ಅಂತದ, ಅದರ ಉಪಕಾರ ಅಂದ್ರ ತಪ್ಪು ಕಣ್ಣಿಗಿ ಕಾಣ್ತದ. ಪಾರ್ಸ್ ಇಂಟ್ ಹಾಕಿದ್ರ ಕಾಮಾ ತನಕ ಓದಿ 7 ಅಂತ ಕೊಡ್ತದ, ಕ್ವಿಂಟಲ್ ತೊಗರಿಗಿ ಏಳು ರೂಪಾಯಿ. ಜಿಲ್ಲಾದ ಹೆಸರು ಇನ್ನೊಂದು. ನಮ್ಮ ಊರು ಗುಲಬರ್ಗಾ ಹೋಗಿ ಕಲಬುರಗಿ ಆದದ್ದು 2014ರ ನವೆಂಬರ್ 1ಕ್ಕ, ಆದ್ರ ಎಷ್ಟೋ ಡೇಟಾದಾಗ ಇನ್ನೂ ಗುಲಬರ್ಗಾನೇ ಅದ, ಕಲಬುರಗಿಯ ಇಂಗ್ಲಿಷ್ ಸ್ಪೆಲಿಂಗಿನಾಗ ನಡುವಿನ ಒಂದು ಎ ಬಿಟ್ಟು ಬರದಾವ್ರೂ ಇದ್ದಾರ. 2001ರ ಜನಗಣತಿ ತರಿಸಿದ್ರ ಅದರಾಗ ಯಾದಗಿರಿ ಜಿಲ್ಲಾನೇ ಸಿಗಂಗಿಲ್ಲ, ಆಗ ಅದು ನಮ್ಮದರೊಳಗೇ ಇತ್ತು, 2011ರದ್ರಾಗ ಬ್ಯಾರೆ ಅದ, ಎರಡನ್ನ ಹಂಗೇ ಹೋಲಿಸಿ ಗ್ರಾಫ್ ಬರದ್ರ ನಮ್ಮ ಜಿಲ್ಲಾದ ಮಂದಿ ಹತ್ತು ವರ್ಷದಾಗ ಎತ್ತಾಗೋ ಹೋದಂಗ ಕಾಣ್ತದ.

ಹವಾಮಾನದ್ದು ಇಲ್ಲೇ ಮಾಡಿ ನೋಡ್ರಿ, ಓಪನ್ ಮೀಟಿಯೋ ಅಂತ ಒಂದು ಸೇವೆ ಅದ, ವ್ಯಾಪಾರಕ್ಕಲ್ಲದ ಕೆಲಸಕ್ಕ ಕೀ ಬೇಕಾಗಿಲ್ಲ, ಬ್ರೌಸರಿನಿಂದ ಸೀದಾ ಕರೀಬಹುದು. ಅಕ್ಷಾಂಶ 17.33, ರೇಖಾಂಶ 76.83 ಕೊಡ್ರಿ, ಅದೇ ನಮ್ಮ ಕಲಬುರಗಿ. ತಾಸು ತಾಸಿಗಿ ಉಷ್ಣತೆ ತರಿಸಿ ಗ್ರಾಫ್ ಹಾಕಿದ್ರ ಬಿಸಲು ಮುಂಜಾನೆ ಒಂಬತ್ತು ಹತ್ತಕ್ಕೇ ನೆತ್ತಿಗೇರಿ ಆಮ್ಯಾಗ ಇಳಿಯೋದು ಕಾಣ್ತದ. ಈ ಊರಿನ ಮೇ ತಿಂಗಳಾ ಉಂಡಾವ್ರಿಗಿ ಅದು ಸುಳ್ಳು ಅಂತ ತಟ್ಟನೆ ಗೊತ್ತಾಗ್ತದ, ಇಲ್ಲಿ ಮಧ್ಯಾಹ್ನ ಮೂರಕ್ಕ ರೋಡಿನಾಗ ನಾಯಿ ಸುದ್ದಾ ಇರಂಗಿಲ್ಲ. ಡೇಟಾ ಸರಿನೇ ಅದ, ನೀವು ಟೈಮ್‌ಝೋನ್ ಕೊಟ್ಟಿಲ್ಲ, ಅದು ಗ್ರೀನ್‌ವಿಚ್ ಹೊತ್ತು ಕೊಟ್ಟದ, ಐದೂವರೆ ತಾಸು ಹಿಂದ. ಏಷ್ಯಾ ಕೋಲ್ಕತಾ ಅಂತ ಸೇರಿಸ್ರಿ, ಬಿಸಲು ತನ್ನ ಜಾಗಾಕ ಬರ್ತದ.

ಸ್ಕ್ರೀನಿನ ಮ್ಯಾಲ ಬರೆಯೋ ಮಾತಿನ ಬಗ್ಗೆ ನನಗ ಭಾಳ ಕಳಕಳಿ ಅದ. "ಸಮ್‌ಥಿಂಗ್ ವೆಂಟ್ ರಾಂಗ್" ಅಂತ ಇಂಗ್ಲಿಷಿನಾಗ ಬರದ್ರ ನಮ್ಮ ಕಾಕಾ ತಾವೇ ಏನೋ ತಪ್ಪು ಒತ್ತಿದ್ರೇನೋ ಅಂತ ಹೆದರತಾರ, ಫೋನ್ ಬಾಜೂಕ ಇಟ್ಟು ಬಿಡ್ತಾರ. "ನೆಟ್ ಸಿಗವಲ್ತು", "ರೇಟ್ ಕೊಡೋ ಸರ್ವರ್ ಕೆಟ್ಟದ, ನಿಮ್ಮ ಫೋನ್ ಸರಿ ಅದ", "ಇದು ಸೋಮವಾರದ ರೇಟು" ಅಂತ ಬರೀರಿ. ಬಟನ್ ಮ್ಯಾಲ "ಮತ್ತ ನೋಡ್ರಿ" ಅಂತ ಇರಲಿ. ಮತ್ತ ಹೊರಗಿನಿಂದ ಬಂದ ಅಕ್ಷರಾನ ಇನ್ನರ್ ಎಚ್‌ಟಿಎಂಎಲ್ಲಿಗಿ ಹಾಕಬ್ಯಾಡ್ರಿ, ಟೆಕ್ಸ್ಟ್ ಕಂಟೆಂಟಿಗಿ ಹಾಕ್ರಿ, ಆ ಕಡಿಯಿಂದ ಬಂದದ್ದರೊಳಗ ಯಾರರ ಕೋಡ್ ಅಡಗಿಸಿ ಇಟ್ಟಿದ್ರ ಮೊದಲ್ನೇದರಾಗ ಅದು ನಿಮ್ಮ ಪೇಜಿನಾಗ ಓಡಬಹುದು, ಎರಡ್ನೇದರಾಗ ಬರೇ ಅಕ್ಷರಾಗಿ ಕಾಣಸ್ತದ.

ಕೊನೀಗಿ ಒಬ್ಬಾಕಿ ಛಲೋ ಪ್ರಶ್ನೆ ಕೇಳ್ಯಾಳ, ಸೋತ್ರ ಎಷ್ಟು ಸಲಾ ಮತ್ತ ಕಳಿಸಬೇಕು ಅಂತ. ಬರೇ ಓದೋ ರಿಕ್ವೆಸ್ಟ್ ಇದ್ರ, ಗೆಟ್ ಇದ್ರ, ಮೂರು ಸಲಾ ಕಳಿಸ್ರಿ, ಆದ್ರ ಬೆನ್ನಬೆನ್ನಿಗಿ ಬ್ಯಾಡ, ಒಂದು ಸೆಕೆಂಡು, ಆಮ್ಯಾಗ ಎರಡು, ಆಮ್ಯಾಗ ನಾಕು ಅಂತ ಬಿಟ್ಟು ಬಿಟ್ಟು. ಸರ್ವರ್ 429 ಅಂದ್ರ ನೀವು ಭಾಳ ಕೇಳಲಾಕತ್ತೀರಿ ಅಂತ ಅರ್ಥ, ರಿಟ್ರೈ ಆಫ್ಟರ್ ಹೆಡರ್ ಇದ್ರ ಅಷ್ಟು ಹೊತ್ತು ಸುಮ್ಮನಿರ್ರಿ. 404ಕ್ಕ ಮತ್ತ ಕಳಿಸೋದ್ರಾಗ ಅರ್ಥಿಲ್ಲ. ಆದ್ರ ಆಕಿ ಕೇಳಿದ್ದು ಫೀ ಕಟ್ಟೋ ಫಾರ್ಮಿನ ಬಗ್ಗೆ. ಅಲ್ಲಿ ಪೋಸ್ಟ್ ಹೋಗಿರ್ತದ, ಸರ್ವರ್ ರೊಕ್ಕಾ ತಗೊಂಡಿರ್ತದ, ವಾಪಸ್ ಬರೋ ಉತ್ತರ ದಾರ್ಯಾಗ ಹೋಗಿರ್ತದ. ನಿಮ್ಮ ಕೋಡಿಗಿ ಅದು ಸೋಲು. ಮತ್ತ ಕಳಿಸಿದ್ರ ಎರಡು ಸಲಾ ಕಟ್ಟಿದಂಗ ಆಗ್ತದ. ಅದಕ್ಕ ಫಾರ್ಮ್ ತೆರದಾಗಲೇ ಕ್ರಿಪ್ಟೋ ಡಾಟ್ ರ್‍ಯಾಂಡಮ್ ಯುಯುಐಡಿ ಅಂತ ಒಂದು ನಂಬರ್ ಮಾಡ್ಕೋರಿ, ಎಷ್ಟು ಸಲಾ ಕಳಿಸಿದ್ರೂ ಅದೇ ನಂಬರ್ ಜೋಡಿ ಹೋಗ್ಲಿ. ಸರ್ವರ್ ಬರೆಯಾವ್ರಿಗಿ ಹೇಳ್ರಿ, ಈ ನಂಬರ್ ಮೊದ್ಲೇ ಬಂದಿದ್ರ ರೊಕ್ಕಾ ಮತ್ತ ತಗೋಬ್ಯಾಡ, ಹಿಂದ ಕೊಟ್ಟ ರಸೀದಿನೇ ಇನ್ನೊಮ್ಮೆ ಕೊಡು ಅಂತ. ಅವರು ಒಪ್ಪದಿದ್ರ ಆ ಬಟನ್ನಿಗಿ ತಾನಾಗೇ ಮತ್ತ ಕಳಿಸೋದು ಹಾಕಲೇಬ್ಯಾಡ್ರಿ, "ರೊಕ್ಕಾ ಕಟ್ಟಿದ್ದು ಮುಟ್ಟ್ಯದೋ ಇಲ್ಲೋ ಮೊದ್ಲ ನೋಡ್ರಿ" ಅಂತ ಬರದು, ಅದನ್ನ ನೋಡೋ ಒಂದು ಗೆಟ್ ಬಟನ್ ಕೊಡ್ರಿ.